ಬಿಡಿ ವಚನ ಬೇಡ, ಇಡೀ ಪ್ರಸಂಗ ಓದಿಸಿ: ಬೈಬಲ್ ಕಲಿಸಲು ಹೊರಟವರಿಗೆ

ಡಿಸೆಂಬರ್ 31ರ ರಾತ್ರಿ ಆರಾಧನೆಯ ಕೊನೆಗೆ ಎಷ್ಟೋ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ವಾಗ್ದಾನದ ಚೀಟಿ ಹಂಚುತ್ತಾರೆ: ದೇವರ ಭರವಸೆಯ ಒಂದು ಬೈಬಲ್ ವಚನ ಬರೆದ ಕಾಗದದ ತುಂಡು. ಒಂದು ವರ್ಷ ನನ್ನ ತರಗತಿಗೆ ಬರುತ್ತಿದ್ದ ಪಿಯುಸಿ ಹುಡುಗಿಯೊಬ್ಬಳು ತನಗೆ ಸಿಕ್ಕ ಚೀಟಿಯನ್ನು ಮೊಬೈಲ್ ಕವರಿನ ಹಿಂಬದಿಗೆ ಸಿಕ್ಕಿಸಿಕೊಂಡು ಬಂದಳು. ಯೆರೆಮೀಯ 29:11, ಅಂದರೆ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯ, 11ನೇ ವಚನ. ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ ಎಂದು ದೇವರು ಹೇಳುವ ಮಾತು. "ಸರ್, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ವಚನ ಬೇಕೇ?" ಎಂದಳು. ಹತ್ತನೆಯ ವಚನವನ್ನೂ ಓದಮ್ಮ ಎಂದೆ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಊರಿಗೆ ಕರೆತರುತ್ತೇನೆ ಎಂದಿತ್ತು. ಹುಡುಗಿ ಮನಸ್ಸಿನಲ್ಲೇ ಲೆಕ್ಕ ಹಾಕಿ, "ಹಾಗಾದರೆ ಈ ಪತ್ರ ಕೇಳಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನ ಅಷ್ಟರಲ್ಲಿ ಸತ್ತಿರುತ್ತಾರಲ್ಲ!" ಎಂದಳು. ಅಂದು ನಾನು ಸಿದ್ಧ ಮಾಡಿಕೊಂಡಿದ್ದ ಪಾಠ ಮೂಲೆ ಸೇರಿತು. ಸೆರೆಯಾಗಿ ದೂರದೇಶಕ್ಕೆ ಹೋದವರಿಗೆ ಯೆರೆಮೀಯ ಬರೆದ ಆ ಪತ್ರವನ್ನು ಮೊದಲಿನಿಂದ ಓದಿದೆವು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆಯೊಯ್ದ ಆ ಊರಿಗೇ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಿ! ಚೀಟಿಯ ಒಂದು ಸಾಲಿಗಿಂತ ಆ ಪತ್ರ ಎಷ್ಟೋ ದೊಡ್ಡದು.

ಕನ್ನಡದಲ್ಲಿ ಬೈಬಲ್ ಕಲಿಸುವವರಿಗೆ ಒಂದು ವಿಶೇಷ ತೊಡಕಿದೆ. ಅಧ್ಯಾಯದೊಳಗಿನ ಪ್ರತಿ ಅಂಕಿಯ ಸಾಲಿಗೂ ನಾವು 'ವಚನ' ಎನ್ನುತ್ತೇವೆ. ವಚನ ಎಂದೊಡನೆ ಕನ್ನಡಿಗನ ಕಿವಿಗೆ ಬಸವಣ್ಣ, ಅಕ್ಕಮಹಾದೇವಿಯರ ವಚನ ಕೇಳಿಸುತ್ತದೆ: ತನ್ನಲ್ಲೇ ಪೂರ್ಣವಾದ, ಅಂಕಿತದೊಂದಿಗೆ ಮುಗಿಯುವ ಮಾತು. ಬೈಬಲಿನ ವಚನ ಅಂಥದ್ದಲ್ಲ. ಈಗಿನ ಅಧ್ಯಾಯಗಳ ವಿಂಗಡಣೆ ಇಂಗ್ಲೆಂಡಿನ ಧರ್ಮಪಂಡಿತ ಸ್ಟೀಫನ್ ಲ್ಯಾಂಗ್ಟನ್ 13ನೇ ಶತಮಾನದ ಆರಂಭದಲ್ಲಿ ಮಾಡಿದ್ದು. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ವಚನಗಳ ಎಣಿಕೆ ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ 1551ರ ಗ್ರೀಕ್ ಆವೃತ್ತಿಯಲ್ಲಿ ಹಾಕಿದ್ದು. ಅಂದರೆ ಅವು ಪುಟ ಹುಡುಕಲು ಇಟ್ಟ ಗುರುತುಗಳು, ಊರಿನ ಮೈಲಿಗಲ್ಲಿನ ಹಾಗೆ. ಮೈಲಿಗಲ್ಲಿನ ಮೇಲೆ ಕುಳಿತು ಊರು ನೋಡಿದೆ ಎನ್ನುವವರೇ ನಮ್ಮಲ್ಲಿ ಹೆಚ್ಚು. ಸಭೆಯಲ್ಲಿ 'ಪ್ರಸಂಗ' ಎಂದರೆ ಉಪದೇಶ. ಯಕ್ಷಗಾನದಲ್ಲಿ ಪ್ರಸಂಗ ಎಂದರೆ ಕಥೆ. ತರಗತಿಗೆ ಬೇಕಾದದ್ದು ಎರಡನೆಯ ಪ್ರಸಂಗ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಸುತ್ತ ಸುತ್ತುತ್ತವೆ.

ಯಾರು ಬಂದಿದ್ದಾರೆ, ಏಕೆ ಬಂದಿದ್ದಾರೆ

ಮೊದಲ ದಿನ ಪುಸ್ತಕ ತೆರೆಯಬೇಡಿ. ಚಹಾ ಕೊಟ್ಟು, ಯಾಕೆ ಬಂದಿರಿ ಎಂದು ಒಬ್ಬೊಬ್ಬರನ್ನೂ ಕೇಳಿ. ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಗೆ ಶನಿವಾರ ಸಂಜೆ ಬರುವವರಲ್ಲಿ ಹುಟ್ಟಿನಿಂದ ಸಂಡೇ ಸ್ಕೂಲಿಗೆ ಹೋಗಿ ಬೇಸತ್ತವರಿದ್ದಾರೆ, ಇಂಗ್ಲಿಷ್ ಎಂ.ಎ.ಯಲ್ಲಿ ಬೈಬಲ್ ಕಥೆಯ ಮೇಲೆ ಕಾವ್ಯ ಬರೆದ ಮಿಲ್ಟನ್ ಅರ್ಥವಾಗದೆ ಬಂದವರಿದ್ದಾರೆ, ಗೆಳತಿಯ ಜೊತೆಗೆ ಸುಮ್ಮನೆ ಬಂದವರಿದ್ದಾರೆ. ಇವರಿಗೆಲ್ಲ ಒಂದೇ ಪಠ್ಯವನ್ನು ಓದಿಸಬಹುದು, ಆದರೆ ಒಂದೇ ಉತ್ತರವನ್ನು ನಿರೀಕ್ಷಿಸಬಾರದು.

ಬೇರೆ ಧರ್ಮದವರು ಓದಲು ಬಂದಿದ್ದರೆ ಅವರು ಬಂದದ್ದು ಓದಲು ಎಂಬುದನ್ನು ಮರೆಯಬೇಡಿ. ಅದನ್ನು ಅವರೆದುರೇ ಬಾಯಿಬಿಟ್ಟು ಹೇಳಿ. ಹದಿನೆಂಟು ತುಂಬದವರಾದರೆ ಹೆತ್ತವರಿಗೆ ತಿಳಿದಿರಲಿ, ಅವರೂ ಒಮ್ಮೆ ಬಂದು ಕುಳಿತು ನೋಡಲಿ. ಕಲಿಸುವುದು ಶಾಲಾ ಕಾಲೇಜಿನ ಆವರಣದಲ್ಲಾದರೆ ಸಂವಿಧಾನದ 28ನೇ ವಿಧಿಯನ್ನು ತಿಳಿದುಕೊಂಡಿರಿ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಸರ್ಕಾರದ ಮಾನ್ಯತೆ ಅಥವಾ ಅನುದಾನವಿರುವ ಸಂಸ್ಥೆಯಲ್ಲೂ ಒಪ್ಪಿಗೆಯಿಲ್ಲದೆ ಯಾರನ್ನೂ ಕೂರಿಸುವಂತಿಲ್ಲ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು.

ಕೈಯಲ್ಲಿರುವ ಪುಸ್ತಕಗಳನ್ನೂ ನೋಡಿ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕ, ಕಥೋಲಿಕರದರಲ್ಲಿ 73. ಒಬ್ಬರ 'ಯೋಹಾನ' ಇನ್ನೊಬ್ಬರಿಗೆ 'ಯೊವಾನ್ನ', ಯೇಸುವಿನ ಬದುಕನ್ನು ಹೇಳುವ ಪುಸ್ತಕ ಒಬ್ಬರಿಗೆ 'ಸುವಾರ್ತೆ', ಇನ್ನೊಬ್ಬರಿಗೆ 'ಶುಭಸಂದೇಶ'. ಮೊದಲ ವಾರವೇ ಇದನ್ನು ಹೇಳಿಬಿಟ್ಟರೆ ನಾಲ್ಕನೆಯ ವಾರ ಜಗಳವಿಲ್ಲ.

ಯಾವ ಪುಸ್ತಕದಿಂದ ಶುರು

ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಬೇಡ. ಆದಿಕಾಂಡ ಸೊಗಸಾಗಿಯೇ ಸಾಗುತ್ತದೆ, ವಿಮೋಚನಕಾಂಡದ ಅರ್ಧದವರೆಗೂ ಉಸಿರು ಬಿಗಿಹಿಡಿಸುತ್ತದೆ. ಆಮೇಲೆ ಗುಡಾರದ ಅಳತೆ, ಯಾಜಕಕಾಂಡದ ಯಜ್ಞವಿಧಿ. ಅಲ್ಲಿ ಬಿಟ್ಟವರು ಮತ್ತೆ ಬರುವುದಿಲ್ಲ. ಕೊನೆಯ ಪುಸ್ತಕ ಪ್ರಕಟನೆಯಿಂದಂತೂ ಖಂಡಿತ ಬೇಡ, ಎಷ್ಟೇ ಜನ ಕೇಳಿದರೂ.

ಮಾರ್ಕನ ಸುವಾರ್ತೆ ತೆಗೆದುಕೊಳ್ಳಿ. ಹದಿನಾರೇ ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಇದೇ ಚಿಕ್ಕದು. ಗಟ್ಟಿಯಾಗಿ ಓದಿದರೆ ಒಂದೂವರೆ ಗಂಟೆಯ ಸುಮಾರಿಗೆ ಮುಗಿಯುತ್ತದೆ. 'ಕೂಡಲೇ' ಎಂಬ ಅರ್ಥದ ಗ್ರೀಕ್ ಪದವನ್ನು ಮಾರ್ಕ ನಾಲ್ವತ್ತು ಸಲದಷ್ಟು ಬಳಸುತ್ತಾನೆ. ಕಥೆ ಓಡುತ್ತಲೇ ಇರುತ್ತದೆ. ಒಂದು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಸೇರಿಸಿ, ಸರದಿಯಂತೆ ಓದಿಸಿ, ಇಡೀ ಪುಸ್ತಕವನ್ನು ಒಂದೇ ಕೂತಲ್ಲಿ ಕೇಳಿಸಿ. ವಿವರಣೆ ಒಂದಕ್ಷರವೂ ಬೇಡ. ಇಪ್ಪತ್ತು ವರ್ಷ ಸಭೆಗೆ ಹೋದವರೂ ಒಂದು ಸುವಾರ್ತೆಯನ್ನು ಹೀಗೆ ಉದ್ದಕ್ಕೆ ಕೇಳಿರುವುದಿಲ್ಲ.

ಆಮೇಲೆ ವಾರಕ್ಕೊಂದು ಪ್ರಸಂಗ. ನಾನು ಆರಿಸಿಕೊಳ್ಳುವವು ಇವು: ಮಾಳಿಗೆ ಅಗೆದ ನಾಲ್ವರು (2:1-12), ಬಿತ್ತುವವನು (4:1-20), ಬಿರುಗಾಳಿ (4:35-41), ಯಾಯೀರನ ಮಗಳು (5:21-43), ಸಿರಿಯಾದ ಫೊಯಿನಿಕೆಯ ಹೆಂಗಸು (7:24-30), ಎರಡು ಹಂತದಲ್ಲಿ ಕಣ್ಣು ಬಂದ ಕುರುಡ ಮತ್ತು ಅದರ ಬೆನ್ನಿಗೇ ಬರುವ ಶಿಷ್ಯ ಪೇತ್ರನ ಮಾತು (8:22-33), ಒಳಗೆ ಯೇಸುವಿನ ವಿಚಾರಣೆ ನಡೆಯುವಾಗ ಹೊರಗೆ ಅಂಗಳದಲ್ಲಿ ಪೇತ್ರ (14:53-72), ಕೊನೆಗೆ ಬರಿದಾದ ಸಮಾಧಿ (16:1-8).

ನೀವು ಮಾಡಬೇಕಾದ ತಯಾರಿ

ವಾರದ ಪ್ರಸಂಗವನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಮ್ಮೆ ಓದಿ. ವ್ಯಾಖ್ಯಾನದ ಪುಸ್ತಕವನ್ನು ಗುರುವಾರದವರೆಗೆ ಮುಟ್ಟಬೇಡಿ. ಎರಡು ಅನುವಾದ ಎದುರಿಗಿರಲಿ: ಹಳೆಯ 'ಸತ್ಯವೇದವು' ಮತ್ತು ಈಗಿನ ಆಡುಮಾತಿಗೆ ಹತ್ತಿರವಾದ ಇನ್ನೊಂದು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಚೇರಿಯಿರುವ ಬೈಬಲ್ ಸೊಸೈಟಿ ಆಫ್ ಇಂಡಿಯಾದ ಮುದ್ರಣಗಳು ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಸಿಗುತ್ತವೆ. ಮೊಬೈಲಿನಲ್ಲೂ ಕನ್ನಡ ಬೈಬಲ್ ಉಚಿತವಾಗಿದೆ. ತರಗತಿಯಲ್ಲಿ ಮಾತ್ರ ಕಾಗದದ ಪುಸ್ತಕವೇ ಒಳ್ಳೆಯದು ಎಂದು ನನ್ನ ಹಟ. ಮೊಬೈಲಿನಲ್ಲಿ ವಚನ ಕಾಣುತ್ತದೆ, ಪುಟ ಕಾಣುವುದಿಲ್ಲ.

ಓದುತ್ತಾ ನಿಮಗೆ ಅರ್ಥವಾಗದ್ದನ್ನು ಗುರುತು ಹಾಕಿಕೊಳ್ಳಿ. ಅವೇ ನಾಳೆಯ ಪ್ರಶ್ನೆಗಳು. ನಿಮಗೆ ಎಲ್ಲವೂ ಅರ್ಥವಾಗಿದೆ ಎನಿಸಿದರೆ ಇನ್ನೂ ಸರಿಯಾಗಿ ಓದಿಲ್ಲ. ಶುಕ್ರವಾರ ರಾತ್ರಿ ಆರೇಳು ಪ್ರಶ್ನೆ ಬರೆದಿಟ್ಟುಕೊಳ್ಳಿ. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆಗಳನ್ನು ಹೊಡೆದುಹಾಕಿ. "ಯೇಸು ಅವನನ್ನು ಗುಣಪಡಿಸಿದನೇ?" ಎಂದು ಕೇಳಿದರೆ ಹೌದು ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಭೂಗೋಳವನ್ನು ಮಾತ್ರ ತಪ್ಪದೆ ನೋಡಿಕೊಳ್ಳಿ. ಕನ್ನಡದಲ್ಲಿ 'ಗಲಿಲಾಯ ಸಮುದ್ರ' ಎಂದಿರುವುದರಿಂದ ಕರಾವಳಿಯ ಹುಡುಗರು ಅರಬ್ಬೀ ಸಮುದ್ರವನ್ನೇ ಕಲ್ಪಿಸಿಕೊಳ್ಳುತ್ತಾರೆ. ಅದು ಸುಮಾರು 21 ಕಿಲೋಮೀಟರ್ ಉದ್ದ, 13 ಕಿಲೋಮೀಟರ್ ಅಗಲದ ಸಿಹಿನೀರಿನ ಸರೋವರ. ಸಮುದ್ರಮಟ್ಟಕ್ಕಿಂತ ಇನ್ನೂರಕ್ಕೂ ಹೆಚ್ಚು ಮೀಟರ್ ಕೆಳಗಿದೆ. ಒಂದು ದಡದಲ್ಲಿ ನಿಂತರೆ ಇನ್ನೊಂದು ದಡ ಕಾಣುತ್ತದೆ. ಸುತ್ತಲ ಬೆಟ್ಟಗಳಿಂದ ಗಾಳಿ ಹಠಾತ್ತನೆ ಇಳಿಯುತ್ತದೆ. ಇಷ್ಟು ಹೇಳಿದರೆ ಬಿರುಗಾಳಿಯ ಕಥೆ ತಾನೇ ನಿಲ್ಲುತ್ತದೆ.

ಒಂದು ಸಂಜೆಯ ಪಾಠ

ಒಂದೂಕಾಲು ಗಂಟೆ ಸಾಕು. ಹೇಗೆ ನಡೆಸುತ್ತೇನೆಂಬುದನ್ನು ಮಾರ್ಕ 2:1-12ರ ಮೂಲಕವೇ ತೋರಿಸುತ್ತೇನೆ. ನಡೆಯಲಾಗದ ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದು, ಜನಸಂದಣಿಯಿಂದಾಗಿ ಒಳಗೆ ಹೋಗಲಾಗದೆ, ಮಾಳಿಗೆ ಅಗೆದು ಯೇಸುವಿನ ಮುಂದೆ ಇಳಿಸುವ ಕಥೆ ಅದು.

ಮೊದಲು ಒಬ್ಬರು ನಿಧಾನವಾಗಿ ಓದುತ್ತಾರೆ, ಉಳಿದವರು ಪುಸ್ತಕ ಮುಚ್ಚಿ ಕೇಳುತ್ತಾರೆ. ಆಮೇಲೆ ಇನ್ನೊಬ್ಬರು ಪುಸ್ತಕ ನೋಡದೆ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಬಿಟ್ಟದ್ದನ್ನು, ಸೇರಿಸಿದ್ದನ್ನು ಬೇರೆಯವರು ಹಿಡಿಯಬೇಕು. ಈ ಒಂದು ಆಟದಲ್ಲೇ ಅರ್ಧ ಕಲಿಕೆ ಆಗಿಬಿಡುತ್ತದೆ. ರೋಗಿ "ಸ್ವಾಮಿ, ನನ್ನನ್ನು ಗುಣಪಡಿಸು" ಎಂದು ಬೇಡಿಕೊಂಡ ಎಂದು ಪ್ರತಿಸಲವೂ ಯಾರೋ ಒಬ್ಬರು ಹೇಳುತ್ತಾರೆ. ಪುಸ್ತಕ ತೆರೆದು ನೋಡಿದರೆ ಆ ರೋಗಿ ಕಥೆಯುದ್ದಕ್ಕೂ ಒಂದು ಮಾತೂ ಆಡುವುದಿಲ್ಲ.

ಈಗ ಪುಸ್ತಕ ತೆರೆಯಿಸಿ. ಮೊದಲ ಅರ್ಧ ಗಂಟೆ 'ಇಲ್ಲಿ ಏನಿದೆ' ಎಂಬುದಷ್ಟೇ. 'ಇದರಿಂದ ನಾವು ಕಲಿಯುವ ಪಾಠ' ಎಂದು ಶುರು ಮಾಡುವವರನ್ನು ನಗುತ್ತಲೇ ತಡೆಯಿರಿ. ಸಭೆಯಲ್ಲಿ ಬೆಳೆದ ಮಕ್ಕಳಿಗೆ ಇದು ಬಹಳ ಕಷ್ಟ. ಅವರ ನಾಲಿಗೆಯ ತುದಿಯಲ್ಲೇ ನೀತಿ ಕುಳಿತಿರುತ್ತದೆ.

ನಾನು ಕೇಳುವ ಮೊದಲ ಪ್ರಶ್ನೆ: ಮಾಳಿಗೆ ಎಂಥದ್ದು? ಮಂಗಳೂರಿನ ಕಡೆಯ ಹುಡುಗನೊಬ್ಬ ಕೂಡಲೇ, ಹಂಚು ತೆಗೆದು ಇಳಿಸಿದರು ಎಂದ. ಅವನ ತಪ್ಪಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಸೀಮೆಯಲ್ಲಿ ಮನೆ ಎಂದರೆ ಹಂಚೇ. ರಾಯಚೂರು ಕಡೆಯ ಹುಡುಗಿ ತಲೆಯಲ್ಲಾಡಿಸಿದಳು. "ಮಣ್ಣಿನ ಮಾಳಿಗೆ ಸರ್. ನಮ್ಮ ಅಜ್ಜಿಯ ಮನೆಯದೂ ಅದೇ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಆಮೇಲೆ ಮಣ್ಣು. ಅಗೆದರೆ ಕೆಳಗಿದ್ದವರ ತಲೆಯ ಮೇಲೆಲ್ಲ ಮಣ್ಣು ಸುರಿಯುತ್ತದೆ." ಮಾರ್ಕನ ಗ್ರೀಕ್ ಮಾತಿನಲ್ಲಿ ಇರುವುದೂ 'ಅಗೆದು' ಎಂಬ ಕ್ರಿಯಾಪದವೇ. ಇದೇ ಕಥೆ ಹೇಳುವಾಗ ಲೂಕ (5:19) 'ಹಂಚುಗಳ ನಡುವಿನಿಂದ' ಎನ್ನುತ್ತಾನೆ, ಬಹುಶಃ ತನ್ನ ಓದುಗರು ಕಂಡ ಮನೆಗಳ ಹಾಗೆ. ಇದನ್ನು ಹೇಳಿದಾಗ ಮಂಗಳೂರಿನ ಹುಡುಗ ಗೆದ್ದವನಂತೆ ಕಾಲರ್ ಸರಿಮಾಡಿಕೊಂಡ. ಎರಡು ಸುವಾರ್ತೆಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಇಷ್ಟು ಸರಾಗವಾಗಿ ಕಲಿಸುವ ಅವಕಾಶ ಬೇರೆಲ್ಲೂ ಸಿಗದು.

ಎರಡನೆಯ ಪ್ರಶ್ನೆ: ಯೇಸು ಯಾರ ನಂಬಿಕೆಯನ್ನು ನೋಡಿದ? 'ಅವರ' ನಂಬಿಕೆಯನ್ನು ಎಂದಿದೆ, 'ಅವನ' ಎಂದಿಲ್ಲ. ಇದನ್ನು ನೀವು ಹೇಳಬೇಡಿ. ಕಾಯಿರಿ. ಹತ್ತು ಸೆಕೆಂಡಿನ ಮೌನ ಕಲಿಸುವವನಿಗೆ ಹತ್ತು ನಿಮಿಷದಂತೆ ತೋರುತ್ತದೆ. ನಾನು ಮೊದಮೊದಲು ಮೂರನೆಯ ಸೆಕೆಂಡಿಗೇ ಉತ್ತರ ಹೇಳಿಬಿಡುತ್ತಿದ್ದೆ. ಒಮ್ಮೆ ಒಬ್ಬ ವಿದ್ಯಾರ್ಥಿ, "ಸರ್, ಹೇಗೂ ನೀವೇ ಹೇಳುತ್ತೀರಲ್ಲ, ನಾವೇಕೆ ಹುಡುಕಬೇಕು" ಎಂದ ಮೇಲೆ ಚಹಾದ ಲೋಟವನ್ನು ಕೈಯಲ್ಲಿ ಹಿಡಿದುಕೊಳ್ಳಲು ಕಲಿತೆ. ಪ್ರಶ್ನೆ ಕೇಳಿದೊಡನೆ ಒಂದು ಗುಟುಕು ಕುಡಿಯುವುದು. ಬಾಯಿ ತುಂಬಿದ್ದರೆ ಮಾತು ಬರುವುದಿಲ್ಲ.

ಮೂರನೆಯದು: ನಡೆಯಲಾಗದವನನ್ನು ಹೊತ್ತು ತಂದರೆ, 'ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ' ಎನ್ನುವುದೇ? ಹಗ್ಗ ಹಿಡಿದು ಮೇಲೆ ನಿಂತ ಆ ನಾಲ್ವರ ಮುಖ ಆಗ ಹೇಗಿದ್ದಿರಬೇಕು? ಇಲ್ಲಿಂದ ಚರ್ಚೆ ತಾನಾಗಿ ನಡೆಯುತ್ತದೆ. ಅಲ್ಲಿ ಕುಳಿತಿದ್ದ ಶಾಸ್ತ್ರಿಗಳ, ಅಂದರೆ ಯೆಹೂದಿ ಧರ್ಮಶಾಸ್ತ್ರದ ಪಂಡಿತರ, ಆಕ್ಷೇಪ ಅವರ ನೆಲೆಯಿಂದ ನೋಡಿದರೆ ನ್ಯಾಯವಾದದ್ದೇ ಎಂಬುದೂ ಹೊರಬರಬೇಕು. ದೇವರೊಬ್ಬನಲ್ಲದೆ ಪಾಪ ಕ್ಷಮಿಸುವವನಾರು ಎಂಬುದು ದಡ್ಡರ ಪ್ರಶ್ನೆಯಲ್ಲ. ಎದುರಾಳಿಯನ್ನು ಮೂರ್ಖನನ್ನಾಗಿ ಮಾಡಿ ಕಲಿಸಿದರೆ ಕಥೆಯ ಬಿಗಿ ಸಡಿಲಾಗುತ್ತದೆ.

ಕೊನೆಯ ಹದಿನೈದು ನಿಮಿಷ 'ನಮಗೇನು' ಎಂಬ ಪ್ರಶ್ನೆಗೆ. ಇಲ್ಲಿ ಎಲ್ಲರೂ ಮಾತನಾಡಲೇಬೇಕೆಂದಿಲ್ಲ. ಓದಲಷ್ಟೇ ಬಂದವರು ಸುಮ್ಮನಿರಲಿ. ಪ್ರಾರ್ಥನೆ ಮಾಡುವ ರೂಢಿಯಿದ್ದರೆ ಅದಕ್ಕೆ ಮುಂಚೆ, ಹೊರಡಬೇಕಾದವರು ಹೊರಡಬಹುದು ಎಂದು ಹೇಳಿ.

ಪದಗಳ ಮೇಲೆ ಕಣ್ಣಿಡಿ

ಇಡೀ ಬೈಬಲ್ ಕನ್ನಡದಲ್ಲಿ ಮೊದಲು ಬಂದದ್ದು 1831ರಲ್ಲಿ, ಬಳ್ಳಾರಿಯ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಕೆಲಸದಿಂದ. ಆಮೇಲೆ ಪರಿಷ್ಕರಣೆಗಳು ನಡೆದವು. ಅನುವಾದಕರು ಎಲ್ಲೆಡೆ ಹೊಸ ಪದ ಕಟ್ಟಲಿಲ್ಲ, ಬಳಕೆಯಲ್ಲಿದ್ದ ಪದಗಳನ್ನೇ ಎತ್ತಿಕೊಂಡರು. ಆ ಪದಗಳಿಗೆ ಮೊದಲೇ ಒಂದು ಬಾಳು ಇತ್ತು, ಈಗಲೂ ಇದೆ.

'ಶಾಸ್ತ್ರಿಗಳು' ಎಂದರೆ ಹುಡುಗರ ಕಣ್ಣಿಗೆ ಪಂಚಾಂಗ ಹಿಡಿದವರು ಬರುತ್ತಾರೆ. 'ಪಾಪ' ಎಂದರೆ ಅಯ್ಯೋ ಪಾಪವೂ ಹೌದು, ಹೋದ ಜನ್ಮದ ಕರ್ಮವೂ ಹೌದು. ಈ ಎರಡನೆಯ ಅರ್ಥದಲ್ಲಿ ಓದಿದರೆ ಮಾಳಿಗೆಯ ಕಥೆ ಬೇರೆಯೇ ಆಗಿಬಿಡುತ್ತದೆ. 'ಒಡಂಬಡಿಕೆ' ಎಂದರೆ ಬಂಡವಾಳ ಹೂಡಿಕೆದಾರರ ಸಮಾವೇಶದಲ್ಲಿ ಸಹಿ ಹಾಕುವ ಕಾಗದ. ದೇವರು ಅಬ್ರಾಮನೊಂದಿಗೆ ಒಡಂಬಡಿಕೆ ಮಾಡುವ ಆದಿಕಾಂಡ 15 ಓದಿಸಿ: ಸೀಳಿದ ಪ್ರಾಣಿಗಳ ನಡುವೆ ಹೊಗೆಯಾಡುವ ಒಲೆ, ಉರಿಯುವ ದೀವಿಗೆ ಹಾದುಹೋಗುತ್ತದೆ, ಅಬ್ರಾಮ ಹಾದುಹೋಗುವುದಿಲ್ಲ. ಇದು ಇಬ್ಬರು ಸಹಿ ಹಾಕುವ ಒಪ್ಪಂದದಂತಿಲ್ಲ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಪ್ರತಿ ವಾರ ಇಂಥ ಒಂದೇ ಪದ ತೆಗೆದುಕೊಳ್ಳಿ. ಮೂರು ತೆಗೆದುಕೊಂಡರೆ ಅದು ನಿಘಂಟಿನ ತರಗತಿ.

ಪುನರುಕ್ತಿಗಳನ್ನು ಹಿಡಿಯಲು ಬಣ್ಣದ ಪೆನ್ಸಿಲ್ ಕೊಡಿ. ಮಾರ್ಕನ ಐದನೆಯ ಅಧ್ಯಾಯದಲ್ಲಿ ಯಾಯೀರನ ಮನೆಗೆ ಹೊರಟ ಯೇಸುವನ್ನು ದಾರಿಯಲ್ಲಿ ಒಬ್ಬ ಹೆಂಗಸು ಮುಟ್ಟುತ್ತಾಳೆ. ಅವಳಿಗೆ ಹನ್ನೆರಡು ವರ್ಷದಿಂದ ರಕ್ತಸ್ರಾವ. ಯಾಯೀರನ ಸಾಯುತ್ತಿರುವ ಮಗಳಿಗೆ ಹನ್ನೆರಡು ವರ್ಷ ವಯಸ್ಸು. ಯಾಯೀರ 'ನನ್ನ ಮಗಳು' ಎಂದು ಅಂಗಲಾಚುತ್ತಾನೆ. ಯೇಸು ಆ ಹೆಂಗಸನ್ನು 'ಮಗಳೇ' ಎನ್ನುತ್ತಾನೆ. ಎರಡು ಕಥೆಗಳನ್ನು ಬೇರೆ ಬೇರೆ ಭಾನುವಾರ ಕಲಿತವರಿಗೆ ಈ ಹೆಣಿಗೆ ಕಾಣುವುದೇ ಇಲ್ಲ.

ಉತ್ತರ ಗೊತ್ತಿಲ್ಲದಾಗ

ಕೇಳುತ್ತಾರೆ. ಮೊದಲ ಮನುಷ್ಯ ಆದಾಮನ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು? ಕಾನಾನ್ ನಾಡಿನ ಜನರನ್ನು ಕೊಲ್ಲಿರಿ ಎಂದು ದೇವರು ಇಸ್ರಾಯೇಲರಿಗೆ ಹೇಳಿದ್ದೇಕೆ? ಕೆಲವು ಬೈಬಲುಗಳಲ್ಲಿ ಮಾರ್ಕನ ಕೊನೆಯ ಹನ್ನೆರಡು ವಚನಗಳಿಗೆ ಕಂಸ ಏಕೆ? ಕೊನೆಯದಕ್ಕೆ ನೇರ ಉತ್ತರವಿದೆ: 4ನೇ ಶತಮಾನದ ಸಿನಾಯಿ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಸುವಾರ್ತೆ 16:8ಕ್ಕೆ, ಹೆಂಗಸರು ಹೆದರಿ ಓಡಿಹೋದಲ್ಲಿಗೆ ನಿಲ್ಲುತ್ತದೆ. ಇದನ್ನು ಮುಚ್ಚಿಡಬೇಡಿ. ನಾಳೆ ಅವರೇ ಬೇರೆಲ್ಲೋ ಓದಿ, ನಮ್ಮ ಸರ್ ಇದನ್ನು ಹೇಳಲಿಲ್ಲವಲ್ಲ ಎಂದುಕೊಳ್ಳುತ್ತಾರೆ. ಆಮೇಲೆ ನೀವು ಹೇಳಿದ ಬೇರೆ ಯಾವ ಮಾತಿಗೂ ಬೆಲೆಯಿರುವುದಿಲ್ಲ. ಉಳಿದ ಪ್ರಶ್ನೆಗಳಿಗೆ ನನ್ನ ಪಡಸಾಲೆಯಲ್ಲಿ ಒಂದು ನೋಟ್‌ಬುಕ್ ಇದೆ. ಪ್ರಶ್ನೆ, ಕೇಳಿದವರ ಹೆಸರು, ತಾರೀಖು ಬರೆದಿಡುತ್ತೇವೆ. ಮುಂದಿನ ವಾರ ಉತ್ತರ ತರುವ ಕೆಲಸ ಕೆಲವೊಮ್ಮೆ ನನ್ನದು, ಕೆಲವೊಮ್ಮೆ ಕೇಳಿದವರದೇ.

ಮಾತುಗಾರನೊಬ್ಬ ಇಡೀ ತರಗತಿಯನ್ನು ನುಂಗುವುದು ಇದಕ್ಕಿಂತ ದೊಡ್ಡ ತಲೆನೋವು. ಅಂಥವನಿಗೆ ಬರೆದುಕೊಳ್ಳುವ ಕೆಲಸ ಕೊಡಿ. ಬರೆಯುವವನು ಕೇಳಬೇಕಾಗುತ್ತದೆ.

ಕೊನೆಯ ಹೆಜ್ಜೆ: ಕುರ್ಚಿ ಬಿಟ್ಟುಕೊಡಿ

ಮಾರ್ಕ ಮುಗಿಯುವ ಹೊತ್ತಿಗೆ ಮೂರು ತಿಂಗಳಾಗಿರುತ್ತದೆ. ಮುಂದಿನ ಪುಸ್ತಕವನ್ನು ವಿದ್ಯಾರ್ಥಿಗಳೇ ನಡೆಸಲಿ. ರೂತಳ ಪುಸ್ತಕ ಅಥವಾ ಯೋನ. ಎರಡೂ ನಾಲ್ಕು ನಾಲ್ಕು ಅಧ್ಯಾಯ, ನಾಲ್ಕು ಜನರಿಗೆ ಒಂದೊಂದು. ಶುಕ್ರವಾರ ಅವರ ಪ್ರಶ್ನೆಗಳನ್ನು ಒಮ್ಮೆ ನೋಡಿಕೊಡಿ, ಶನಿವಾರ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿಕೊಳ್ಳಿ. ತಪ್ಪು ಹೇಳಿದರೂ ಅಲ್ಲೇ ತಿದ್ದಬೇಡಿ. ಪಠ್ಯವನ್ನು ಇನ್ನೊಮ್ಮೆ ಓದೋಣವೇ ಎಂದು ಮಾತ್ರ ಕೇಳಿ.

ಹೋದ ಸಲ ಯೋನನ ಕೊನೆಯ ಅಧ್ಯಾಯ ಆ ರಾಯಚೂರಿನ ಹುಡುಗಿಯ ಪಾಲಿಗೆ ಬಂದಿತ್ತು. ಪುಸ್ತಕ ದೇವರು ಯೋನನಿಗೆ ಕೇಳುವ ಒಂದು ಪ್ರಶ್ನೆಯೊಂದಿಗೆ ನಿಂತುಬಿಡುತ್ತದೆ: ಎಡಗೈ ಬಲಗೈ ತಿಳಿಯದ ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ, ಬಹಳ ದನಗಳೂ ಇರುವ ಆ ನಿನೆವೆ ಪಟ್ಟಣಕ್ಕಾಗಿ ನಾನು ಮರುಗಬಾರದೇ? ಯೋನನ ಉತ್ತರ ಇಲ್ಲ. ಅವಳು ಓದಿ ಮುಗಿಸಿ ಪುಸ್ತಕ ಮಡಿಸಿದಳು. "ಜನರ ಲೆಕ್ಕ ಸರಿ. ದನಗಳ ಮಾತು ಯಾಕೆ ಬಂತು?" ಎಂದು ಕೇಳಿ ತನ್ನ ಚಹಾದ ಲೋಟ ಎತ್ತಿಕೊಂಡಳು. ಎಂಟು ಗಂಟೆಗೆ ಹಾಸ್ಟೆಲಿನ ಗೇಟು ಮುಚ್ಚುತ್ತದೆಂದು ಎಲ್ಲರೂ ಏಳಬೇಕಾಯಿತು. ಪ್ರಶ್ನೆ ನೋಟ್‌ಬುಕ್ಕಿಗೆ ಹೋಯಿತು, ಕೆಳಗೆ ನನ್ನ ಹೆಸರು ಬರೆದರು.